ಹಿಂದಕ್ಕೆ ಬಾರದ ಸೀಟು

ಗುಂಡಿ ಒತ್ತಿದ್ದೇ ತಡ, ಸೀಟು ಹಿಂದಕ್ಕೆ ಸರಿಯಿತು.

ಸಬ್‌ಇನ್ಸ್‌ಪೆಕ್ಟರ್ ದುರುಗಪ್ಪ ಬೆರಳು ತೆಗೆದ. ಸೀಟು ನಿಂತಿತು. ಗುಂಡಿಯ ಇನ್ನೊಂದು ಕೊನೆ ಒತ್ತಿದ. ಅಡಿಯಲ್ಲಿದ್ದ ಸಣ್ಣ ಮೋಟರು ಗುಂಯ್‌ಗುಟ್ಟುತ್ತ ಅವನನ್ನು ಸ್ಟೇರಿಂಗಿನ ಹತ್ತಿರಕ್ಕೆ ಒಯ್ದಿತು. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುವ ತನಕ ಬಿಟ್ಟ. ಮತ್ತೆ ಹಿಂದಕ್ಕೆ. ಎಲ್ಲಿಯೂ ತಡೆಯಲಿಲ್ಲ.

"ಜೋಕಾಲಿ ಭಾರಿ ಐತಿ ಬಿಡ್ರಿ ಸಾಹೇಬ್ರ," ಎಂದ ಹೆಡ್ ಕಾನ್‌ಸ್ಟೆಬಲ್ ಪಂಪಣ್ಣ. ಕಾರಿನ ಬ್ಯಾಟರಿ ಸತ್ತು ಹೋಗಿದ್ದರಿಂದ ಜೀಪಿನಿಂದ ವೈರು ಎಳೆದು, ಅದರ ತುದಿ ಹಿಡಿದು ನಿಂತಿದ್ದ. "ನಂದೂ ಒಂದು ಪಾಳಿ ಬರಲಿ."

ದುರುಗಪ್ಪ ನಗಲಿಲ್ಲ. ಠಾಣೆಯ ಹಿಂದಿನ ಬೇವಿನ ಗಿಡದ ಕೆಳಗೆ ಆ ಕಾರು ಮೂರು ತಿಂಗಳಿಂದ ನಿಂತಿತ್ತು. ಎಡಗಡೆಯ ಹೆಡ್‌ಲೈಟ್ ಒಡೆದದ್ದು ಒಡೆದ ಹಾಗೇ ಇತ್ತು. ಸಿಂಧನೂರಿನ ಅಕ್ಕಿ ಮಿಲ್ಲಿನ ಸಾಹುಕಾರರು ಹೈದರಾಬಾದಿನಿಂದ ಕೊಂಡು ತಂದಿದ್ದ ಇಪ್ಪತ್ತು ವರ್ಷದ ವಿದೇಶಿ ಕಾರು. ಬ್ಯಾಟರಿಯ ಬಲದಿಂದ ಸೀಟು ಸರಿಯುವಂಥ ಕಾರು ಈ ಸುತ್ತಿನಲ್ಲಿ ಅದೊಂದೇ.

ಆಗಸ್ಟ್ ಮೂರು, ಮಂಗಳವಾರ ಮುಸ್ಸಂಜೆ ಏಳರ ಸುಮಾರಿಗೆ ಬಳಗಾನೂರು ಕ್ರಾಸಿನ ಹತ್ತಿರ ಈ ಕಾರು ಮಾಬುಬೀ ಎಂಬ ಐವತ್ತೈದರ ಹೆಂಗಸನ್ನು ಕೆಡವಿ ಹೋಗಿತ್ತು. ಮರುದಿನ ಕಾರಿನ ಡ್ರೈವರ್ ಹುಸೇನಪ್ಪ "ನಾನೇ ರೀ" ಎಂದು ಒಪ್ಪಿಕೊಂಡಿದ್ದ. ಜಾಮೀನು ನಿಲ್ಲಲು ಹೊಲವಿದ್ದ ಒಬ್ಬನೂ ಮುಂದೆ ಬಂದಿರಲಿಲ್ಲ. ಅವನು ಜೈಲಿನಲ್ಲಿಯೇ ಉಳಿದಿದ್ದ.

ನಾಳೆ ಲಿಂಗಸುಗೂರಿನ ಕೋರ್ಟಿಗೆ ದೋಷಾರೋಪ ಪಟ್ಟಿ ಹೋಗಬೇಕು. ಹುಸೇನಪ್ಪ ಅಲ್ಲಿಯೂ ತಪ್ಪೊಪ್ಪಿಕೊಳ್ಳುವವನೇ. ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು.

ಆದರೆ ನಿನ್ನೆ ಜೈಲಿನಲ್ಲಿ ದುರುಗಪ್ಪ ಕೊನೆಯ ಸಲ ಮಾತಾಡಿಸಲು ಹೋದಾಗ ಹುಸೇನಪ್ಪ ಒಂದು ಮಾತು ಆಡಿದ್ದ. ಸಾಹುಕಾರರ ಕಾರಿನ ಮೇಲೆ ಅವನಿಗೆ ಇನ್ನೂ ಅಕ್ಕರೆ.

"ಆ ಸೀಟಿನ ಸ್ವಿಚ್ ಯಾರ ಕಡಿಂದನೂ ಒತ್ತಿಸಬ್ಯಾಡ್ರಿ ಸಾಹೇಬ್ರ. ಮುಂದಕ್ಕ ಹೋಗತೈತಿ, ಹಿಂದಕ್ಕ ಬರಂಗಿಲ್ಲ. ಯುಗಾದಿಯಿಂದ ಕೆಟ್ಟೈತಿ. ಯಾರೂ ಮುಟ್ಟಬಾರದಂತ ನಾನ ಅದರ ಮ್ಯಾಲ ಅರಿವಿ ಸುತ್ತಿ ಕಟ್ಟೀನಿ."

ಅರಿವೆ ಈಗ ಇರಲಿಲ್ಲ. ಸೀಟು ಎಣ್ಣೆ ಹಾಕಿದಂತೆ ಹಿಂದೆ ಮುಂದೆ ಓಡಾಡುತ್ತಿತ್ತು.

ಕಾರಿನ ಕಾಗದಪತ್ರಗಳ ನಡುವೆ ಒಂದು ಚೀಟಿಯೂ ಇತ್ತು. "ಸೀಟಿನ ಸ್ವಿಚ್ ರಿಪೇರಿ ಮಾಡಿದೆ. 1-8-93." ಕೆಳಗೆ ಲಿಂಗಸುಗೂರಿನ ಆಟೋ ಎಲೆಕ್ಟ್ರಿಷಿಯನ್ ಇಸ್ಮಾಯಿಲ್‌ಸಾಬ್‌ನ ಉರ್ದು ಸಹಿ. ಅಂದರೆ ಅಪಘಾತಕ್ಕೆ ಎರಡು ದಿನ ಮೊದಲೇ ಸ್ವಿಚ್ ಸರಿಯಾಗಿತ್ತು. ದಿನಾ ಆ ಸೀಟಿನಲ್ಲಿ ಕೂತವನಿಗೇ ಅದು ಗೊತ್ತಿಲ್ಲ ಎಂದರೆ ಹೇಗೆ?

"ಪಂಪಣ್ಣ, ಜೀಪ್ ತೆಗಿ. ಲಿಂಗಸುಗೂರಿಗೆ ಹೋಗೂನು."

"ಈಗೇನ್ರಿ? ಕಾಗದ ಎಲ್ಲಾ ಟೈಪ್ ಆಗ್ಯಾವು, ದಾರ ಕಟ್ಟೂದೊಂದು ಬಾಕಿ."

"ದಾರ ನಾಳೆ ಕಟ್ಟೂನು."

ಗೇಟಿನ ಹತ್ತಿರ ಹುಸೇನಪ್ಪನ ಹೆಂಡತಿ ಗ್ಯಾನಮ್ಮ ಕೂತಿದ್ದಳು. ಮಡಿಲಲ್ಲಿ ರೊಟ್ಟಿಯ ಗಂಟು. ಜೀಪು ಕಂಡು ಎದ್ದಳು.

"ಯಪ್ಪಾ, ಅವತ್ತು ಅಂವಗ ಮೈ ಕೆಂಡ ಆಗಿತ್ತ್ರಿ. ಕೌದಿ ಹೊಚ್ಚಿ ಮಲಗಿಸಿದಾಕಿ ನಾ. ಕಾರು ಹೆಂಗ ಓಡಿಸ್ತಾನ್ರಿ?"

"ಮತ್ತ ತಾನ ಓಡಿಸೀನಿ ಅಂತಾನಲ್ಲವ್ವ."

"ನನಗೂ ಹಂಗ ಅಂತಾನ. ಮಾರಿ ನೋಡಿ ಅನ್ನಂಗಿಲ್ಲ, ಗ್ವಾಡಿ ನೋಡಿ ಅಂತಾನ."

ಪಂಪಣ್ಣ ಹಾರ್ನ್ ಒತ್ತಿದ. "ಸರಿಯಬೇ ಯಕ್ಕ. ದಿನಾ ಇದ ಹಾಡು ನಿಂದು."

*

ಮಸ್ಕಿಯ ಗುಡ್ಡ ಹಿಂದೆ ಬಿತ್ತು. ಇಸ್ಮಾಯಿಲ್‌ಸಾಬ್‌ನನ್ನು ಪೊಲೀಸನಾಗಿ ಕೇಳಬೇಕಾದ ದಿನ ಬರುತ್ತದೆಂದು ದುರುಗಪ್ಪ ಎಣಿಸಿರಲಿಲ್ಲ.

ಸತ್ತ ಮಾಬುಬೀ ಇಸ್ಮಾಯಿಲ್‌ಸಾಬ್‌ನ ಹೆಂಡತಿ. ದುರುಗಪ್ಪನ ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ, ತಮ್ಮ ಮೈಲಾರಲಿಂಗಪ್ಪನಿಗೆ ಎಂಟು ತಿಂಗಳು. ಪಕ್ಕದ ಮನೆಯ ಮಾಬುಬೀ ಅದೇ ತಿಂಗಳು ತನ್ನ ಕೂಸನ್ನು ಕಳೆದುಕೊಂಡಿದ್ದಳು. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಬಂದು ಕೂಸನ್ನು ಎತ್ತಿಕೊಂಡು ಹೋಗಿ ಹಾಲು ಕುಡಿಸಿದಳು. ಹುಡುಗರಿಬ್ಬರಿಗೂ ಅವಳು ಮಾಬವ್ವ; ಇಸ್ಮಾಯಿಲ್‌ಸಾಬ್ ಕಾಕಾ.

ಆಗಸ್ಟ್ ನಾಲ್ಕರ ಮಧ್ಯಾಹ್ನ ಸಿಂಧನೂರಿನ ದವಾಖಾನೆಯಲ್ಲಿ ಗುರುತಿಲ್ಲದ ಹೆಣವೊಂದರ ಮುಖದ ಬಟ್ಟೆ ಸರಿಸಿ ಗುರುತು ಹಿಡಿದವನು ದುರುಗಪ್ಪನೇ. ಕೊಂದವ ಯಾರೇ ಇರಲಿ, ಕೋರ್ಟಿನ ಕಟಕಟೆಯಲ್ಲಿ ನಿಲ್ಲಿಸುತ್ತೇನೆಂದು ಅವಳ ಗೋರಿಯ ಮಣ್ಣಿನ ಮೇಲೆ ಕೈಯಿಟ್ಟು ಹೇಳಿದವನೂ ಅವನೇ.

ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ. ಇಸ್ಮಾಯಿಲ್‌ಸಾಬ್ ಟ್ರ್ಯಾಕ್ಟರಿನ ಡೈನಮೋ ಬಿಚ್ಚಿಕೊಂಡು ಕೂತಿದ್ದ. ಬೆಸುಗೆ ಹಾಕುವ ಕಬ್ಬಿಣ ಇದ್ದಿಲ ಒಲೆಯಲ್ಲಿ ಕಾಯುತ್ತಿತ್ತು. ಮೂರು ತಿಂಗಳಲ್ಲಿ ಅಂಗಿ ಎರಡು ಅಳತೆ ದೊಡ್ಡದಾದಂತೆ ಕಾಣುತ್ತಿತ್ತು.

"ಬಾ ಬೇಟಾ. ಊಟ ಆತೇನು?" ಎಂದವನು ಪಂಪಣ್ಣನನ್ನು ಕಂಡು ಸುಮ್ಮನಾದ.

"ಪಂಪಣ್ಣ, ನೀ ಹೋಗಿ ಚಾ ಕುಡದು ಬಾ," ಎಂದ ದುರುಗಪ್ಪ.

"ಇಲ್ಲೇ ತರಿಸಿದ್ರಾತು, ಸಾಹೇಬ್ರ."

"ಅಲ್ಲೇ ಕುಡಿ."

ಪಂಪಣ್ಣ ಹೋದ. ದುರುಗಪ್ಪ ಚೀಟಿ ತೆಗೆದು ಡೈನಮೋದ ಪಕ್ಕಕ್ಕಿಟ್ಟ.

"ಅಕ್ಷರ ನಿಂದೇನು ಕಾಕಾ?"

"ನಂದ."

"ಆಗಸ್ಟ್ ಒಂದು. ಐತವಾರ."

"ಬರದಿದ್ದು ಓದಾಕ ಬರತೈತಲ್ಲ ನಿನಗ? ಸಾಲಿ ತಪ್ಪಿಸಿದ್ರ ಬಾರಕೋಲು ತಗೊಂಡು ಬೆನ್ನು ಹತ್ತಿದಾಕಿ ನಿನ್ನ ಮಾಬವ್ವ."

"ಮರುದಿನ ಸೋಮವಾರ. ನಾ ಠಾಣೆ ಜೀಪ್ ತಗೊಂಡು ಇದ ಬಾಗಿಲಕ್ಕ ಬಂದಿದ್ದೆ. ಹಾರ್ನ್ ಹೊಡೀತಿರಲಿಲ್ಲ. ನೀ ಏನಂದಿ?"

ಇಸ್ಮಾಯಿಲ್‌ಸಾಬ್ ಸ್ಕ್ರೂಡ್ರೈವರ್ ಕೆಳಗಿಟ್ಟ.

"'ತೇರಾ ತೇಜಿ ನಡದೈತಿ, ಬುಧವಾರ ಬಾ' ಅಂದಿ. ನಾ ಪೊಲೀಸ್ ಅಂದೆ. 'ಪೊಲೀಸರಿಗೂ ಇಲ್ಲ, ಮಿನಿಸ್ಟರಿಗೂ ಇಲ್ಲ' ಅಂತ ಮಾಬವ್ವ ಒಳಗಿಂದ ಒದರಿದ್ಲು. ನೆನಪೈತಿಲ್ಲೋ?"

ಸಫರ್ ತಿಂಗಳ ಮೊದಲ ಹದಿಮೂರು ದಿನಗಳಿಗೆ ಈ ಕಡೆಯ ಮುಸಲ್ಮಾನರ ಮನೆಗಳಲ್ಲಿ ತೇರಾ ತೇಜಿ ಎನ್ನುತ್ತಾರೆ. ಒಳ್ಳೆಯ ದಿನಗಳಲ್ಲವೆಂದು ಹಳಬರ ನಂಬಿಕೆ. ಈಗ ಎಲ್ಲರೂ ಪಾಲಿಸುವುದಿಲ್ಲ. ಇಸ್ಮಾಯಿಲ್‌ಸಾಬ್‌ನ ಮನೆಯಲ್ಲಿ ಮಾತ್ರ ಕಟ್ಟುನಿಟ್ಟು. ಹದಿಮೂರು ದಿನ ಹೊಸ ಕೆಲಸ ಹಿಡಿಯುತ್ತಿರಲಿಲ್ಲ. ಕೊನೆಯ ದಿನ ಕಡಲೆ, ಎಣ್ಣೆ, ಮೊಟ್ಟೆಗಳನ್ನು ಬಡವರಿಗೆ ಹಂಚಿ, ಹದಿನಾಲ್ಕನೆಯ ದಿನ ಬೆಳಗ್ಗೆ ಅಂಗಡಿ ತೆರೆಯುವುದು. ಈ ವರ್ಷ ಹದಿಮೂರನೆಯ ದಿನ ಬಿದ್ದದ್ದು ಆಗಸ್ಟ್ ಮೂರಕ್ಕೆ. ಮಾಬುಬೀ ಇಲ್ಲಿ ಹಂಚುವುದನ್ನು ಹಂಚಿ, ಬಳಗಾನೂರಿನ ತಂಗಿಯ ಮನೆಗೆಂದು ಬಸ್ಸು ಹತ್ತಿದ್ದಳು.

"ಸೋಮವಾರ ನನ್ನ ಜೀಪ್ ಮುಟ್ಟದಾಂವ ಐತವಾರ ಸಾಹುಕಾರನ ಕಾರು ಮುಟ್ಟಿ ಅಂದ್ರ ನಾ ನಂಬಬೇಕೇನು?"

ಒಲೆಯಲ್ಲಿ ಕಬ್ಬಿಣ ಕೆಂಪಗಾಗಿತ್ತು. ಅದನ್ನು ತೆಗೆಯುವ ನೆನಪೂ ಇಸ್ಮಾಯಿಲ್‌ಸಾಬ್‌ನಿಗಿರಲಿಲ್ಲ.

"ಯಾವಾಗ ಮಾಡಿದಿ ಕಾಕಾ?"

"ಬುಧವಾರ," ಎಂದ ಇಸ್ಮಾಯಿಲ್‌ಸಾಬ್. "ಮುಂಜಾನಿ ಆರು ಗಂಟೆ. ನಾ ಬಾಗಿಲ ತಗಿಯೂ ಮೊದಲ ಕಾರು ಬಂದು ನಿಂತಿತ್ತು. ಹದಿಮೂರು ದಿನ ಕಳದು ಮೊದಲನೇ ಕೆಲಸ. ಬೋಣಿ ಛಲೋ ಬಂತು ಅಂದ್ಕೊಂಡೆ."

"ಸೀಟು ಎಲ್ಲಿತ್ತು?"

"ಪೂರಾ ಮುಂದ. ಸ್ಟೇರಿಂಗಿಗೆ ಅಂಟಿಕೊಂಡು. ಸ್ವಿಚ್ಚಿನ್ಯಾಗ ಎರಡು ತಾಮ್ರದ ನಾಲಿಗಿ ಇರತಾವು. ಒಂದು ಮುಂದಕ್ಕ ಒಯ್ಯತೈತಿ, ಒಂದು ಹಿಂದಕ್ಕ ತರತೈತಿ. ಹಿಂದಕ್ಕ ತರೂದು ಸುಟ್ಟು ಕರ್ರಗಾಗಿತ್ತು. ಹೊಸಾದು ಕತ್ತರಿಸಿ ಬೆಸದೆ."

ಮುದುಕ ತನ್ನ ಕೈಗಳನ್ನು ಮೇಲೆ ಕೆಳಗೆ ಮಾಡಿ ನೋಡಿಕೊಂಡ.

"ಸೀಟು ಹಿಂದಕ್ಕ ಬಂದಾಗ ಖುಷಿ ಆತು ಬೇಟಾ. ಇಂಥಾ ಗಾಡಿ ನಾ ಮುಟ್ಟಿದ್ದಿಲ್ಲ. ಸುಮ್ನ ಮೂರು ಸರ್ತಿ ಹಿಂದ ಮುಂದ ಆಡಿಸಿದೆ. ಆಕಿ ಬಂದ ಮ್ಯಾಲ ಹೇಳಬೇಕು ಅಂದ್ಕೊಂಡೆ. ಆವಾಗ ಆಕಿ ಸಿಂಧನೂರು ದವಾಖಾನ್ಯಾಗ ಹೆಸರಿಲ್ದ ಮಲಗಿದ್ಲು."

ದುರುಗಪ್ಪ ಸ್ಟೂಲಿನ ಮೇಲೆ ಕೂತ. ಹಾಗಾದರೆ ಲೆಕ್ಕ ಸರಳ. ಆರಡಿ ಮೇಲೆ ಎರಡಂಗುಲ ಇದ್ದ ಹುಸೇನಪ್ಪ ಆ ಸೀಟಿನಲ್ಲಿ ಕೂತು ಕ್ಲಚ್ ತುಳಿಯುವುದು ಸಾಧ್ಯವೇ ಇಲ್ಲ. ಮಂಗಳವಾರ ಸಂಜೆ ಯಾರೋ ಗಿಡ್ಡ ಮನುಷ್ಯ ಕಾಲು ನಿಲುಕದೆ ಅರಿವೆ ಬಿಚ್ಚಿ ಗುಂಡಿ ಒತ್ತಿದ್ದಾನೆ. ಸೀಟು ಮುಂದೆ ಹೋಗಿದೆ, ಹಿಂದಕ್ಕೆ ಬಂದಿಲ್ಲ.

"ಹೆಡ್‌ಲೈಟ್ ಒಡದಿತ್ತಲ್ಲ. ಕೇಳಲಿಲ್ಲೇನು?"

"ಕೇಳಿದೆ. ದೀಪ ಹಾಕ್ಲ್ಯಾ ಅಂದೆ. 'ಬ್ಯಾಡ ಕಾಕಾ, ಸೀಟು ಅಷ್ಟ ಮಾಡಿಕೊಡು' ಅಂದ."

ದುರುಗಪ್ಪನ ಕಿವಿಯಲ್ಲಿ ಒಂದೇ ಮಾತು ಉಳಿಯಿತು. ಕಾಕಾ.

ಊರಲ್ಲಿ ಇಸ್ಮಾಯಿಲ್‌ಸಾಬ್‌ನನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಕಾಕಾ ಎನ್ನುವವರು ಇಬ್ಬರೇ.

"ಯಾರು ತಂದ್ರು ಕಾರು?"

"ಕೇಳಬ್ಯಾಡ."

"ಕಾಕಾ, ಯಾರು?"

"ಆಕಿ ಹಾಲು ಕುಡದಾಂವ," ಎಂದ ಇಸ್ಮಾಯಿಲ್‌ಸಾಬ್.

ಹೊರಗೆ ರಾಯಚೂರಿನ ಬಸ್ಸು ಹೊರಟಿತು. ಕಂಡಕ್ಟರ್ ಊರುಗಳ ಹೆಸರು ಕೂಗುತ್ತಲೇ ಇದ್ದ.

ಮೈಲಾರಲಿಂಗಪ್ಪ ಸಾಹುಕಾರರ ಮಿಲ್ಲಿನಲ್ಲಿ ತೂಕದ ಗುಮಾಸ್ತ. ಎತ್ತರ ಐದಡಿ ಮೇಲೆ ಒಂದಂಗುಲ. ಕಾರು ಕಲಿಯುವ ಹುಚ್ಚು ಅವನಿಗೆ ಇತ್ತೆಂದು ಅಣ್ಣನಿಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ತಿಂಗಳು ಆ ಕಡೆ ತಲೆ ಹೋಗಿರಲಿಲ್ಲ.

"ಚೀಟಿ ಅಂವ ಬರಸಿದ್ನೇನು?"

"ಕಾರು ಒಯ್ಯೂ ಮುಂದ ಬರಸಿಕೊಂಡ. ತಾರೀಖು ಎರಡು ದಿನ ಹಿಂದ ಹಾಕು ಅಂದ. ಸಾಹುಕಾರ ಬೈತಾನ ಅಂತ. ನಾ ಹಾಕಿದೆ. ಬೋಣಿ ಗಿರಾಕಿ, ಅದರಾಗ ಮನಿ ಮಗ. ತೇರಾ ತೇಜಿ ನೆನಪ ಆಗ್ಲಿಲ್ಲ ನೋಡು ನನಗ."

"ಆಮ್ಯಾಲ ಅಂವನ್ನ ಕೇಳಲಿಲ್ಲೇನು ನೀ?"

"ಮಣ್ಣು ಕೊಡೂ ಮುಂದ ಅಂವ ನಿಂತಲ್ಲೇ ಬಿದ್ದ. ಎಬ್ಬಿಸಾಕ ಹೋದಾಗ ಮಾರಿ ನೋಡಿದೆ. ಆವಾಗ ತಿಳೀತು." ಇಸ್ಮಾಯಿಲ್‌ಸಾಬ್ ಕನ್ನಡಕ ತೆಗೆದ. "ಕೇಳಿದ್ರ ಹೇಳಿಬಿಡತಾನ ಬೇಟಾ. ಅದಕ್ಕ ಕೇಳಲಿಲ್ಲ. ಆಕಿ ಹ್ವಾದ್ಲು. ಆಕಿ ಸಾಕಿದ್ದೂ ಹೋಗಬೇಕೇನು?"

ದುರುಗಪ್ಪನಿಗೆ ಎದ್ದು ಹೋಗಬೇಕೆನಿಸಿತು. ಚೀಟಿಯನ್ನು ಒಲೆಗೆ ಹಾಕಿದರೆ ಸಾಕು, ಕಬ್ಬಿಣ ಕಾಯುವಷ್ಟೂ ಹೊತ್ತು ಬೇಕಿಲ್ಲ. ತೇರಾ ತೇಜಿಯ ಲೆಕ್ಕ ಯಾವ ಮ್ಯಾಜಿಸ್ಟ್ರೇಟರೂ ಕೇಳುವುದಿಲ್ಲ. ಅವನು ಎದ್ದೂ ಬಿಟ್ಟ. ಬಾಗಿಲ ತನಕ ಹೋದ.

"ಆ ಡ್ರೈವರಗ ಮಕ್ಕಳೆಷ್ಟು?" ಹಿಂದಿನಿಂದ ಇಸ್ಮಾಯಿಲ್‌ಸಾಬ್ ಕೇಳಿದ.

"ಇಬ್ಬರು. ಹೆಣ್ಣು."

"ಹೆಂಡತಿ?"

"ದಿನಾ ಠಾಣೆ ಬಾಗಿಲಾಗ ಕುಂದರತಾಳ. ರೊಟ್ಟಿ ಕಟ್ಟಿಕೊಂಡು."

ಇಸ್ಮಾಯಿಲ್‌ಸಾಬ್ ಕನ್ನಡಕ ಏರಿಸಿಕೊಂಡು ಕೈ ಚಾಚಿದ: "ಕಾಗದ ಕೊಡು."

ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಹಿ ಇರುವುದಿಲ್ಲ. ಕೋರ್ಟಿನಲ್ಲಿ ಅದರ ಬೆಲೆಯೂ ಅಷ್ಟಕ್ಕಷ್ಟೇ. ಆದ್ದರಿಂದ ಮುದುಕ ಮ್ಯಾಜಿಸ್ಟ್ರೇಟರ ಹೆಸರಿಗೆ ತಾನೇ ಅರ್ಜಿ ಬರೆದ. ಚೀಟಿಯ ತಾರೀಖು ಸುಳ್ಳು. ಕೆಲಸ ಮಾಡಿದ್ದು ಆಗಸ್ಟ್ ನಾಲ್ಕರಂದು. ಸೀಟು ಇದ್ದದ್ದು ಇಂಥಲ್ಲಿ. ಕಾರು ತಂದವನು ಇಂಥವನು. ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಆಮೇಲೆ ಒಂದೊಂದೇ ಅಕ್ಷರ ಬರೆದು, ಕೆಳಗೆ ಉರ್ದುವಿನಲ್ಲಿ ಸಹಿ ಮಾಡಿದ. ಬೋಣಿಯ ಕೆಲಸದ ನೆನಪಿಗೆಂದು ಡಬ್ಬಿಯಲ್ಲಿಟ್ಟಿದ್ದ ಸುಟ್ಟ ತಾಮ್ರದ ತುಂಡನ್ನು ತೆಗೆದು ಕಾಗದದೊಳಗೆ ಮಡಿಸಿದ.

"ಇನ್ನೊಮ್ಮೆ ಬರಿ ಅನಬ್ಯಾಡ. ಇನ್ನೊಮ್ಮೆ ನನ್ನ ಕೈಲೆ ಆಗಂಗಿಲ್ಲ."

"ಇಲ್ಲ ಕಾಕಾ."

"ಒಂದು ಮಾತು. ಸೀಟು ಮೊದಲ ಮಾಡಸಬೇಕು ಅನ್ನೂ ಬುದ್ಧಿ ನಮ್ಮ ಹುಡುಗಂದಲ್ಲ. ಅಂವಗ ಅಷ್ಟು ತಿಳಿಯಂಗಿಲ್ಲ."

ದುರುಗಪ್ಪನಿಗೂ ಅದೇ ಮುಳ್ಳು ಚುಚ್ಚುತ್ತಿತ್ತು. ಹೆದರಿದವನು ಮೊದಲು ಒಡೆದ ದೀಪ ಬದಲಿಸುತ್ತಾನೆ. ದೀಪ ಬಿಟ್ಟು ಸೀಟು ಸರಿಪಡಿಸುವವನಿಗೆ ಮುಂದೆ ಯಾರು ಬಂದು ಏನನ್ನು ಅಳೆಯುತ್ತಾರೆಂದು ಗೊತ್ತಿರಬೇಕು.

*

"ಉಸ್ತಾದ್ ಏನಂದ್ರಿ?" ಜೀಪು ಹತ್ತುವಾಗ ಪಂಪಣ್ಣ ಕೇಳಿದ.

"ಸಿಂಧನೂರಿಗೆ ನಡಿ. ಮಿಲ್ಲಿಗೆ."

ಪಂಪಣ್ಣ ಕೀಲಿ ತಿರುವಿದವನು ಒಂದು ಕ್ಷಣ ತಡೆದ. ನಂತರ ಗೇರ್ ಹಾಕಿದ. ಮಸ್ಕಿ ದಾಟಿದರೂ ಅವನ ಬಾಯಿಂದ ಒಂದು ತಮಾಷೆ ಹೊರಡಲಿಲ್ಲ. ಬಳಗಾನೂರು ಕ್ರಾಸಿನಲ್ಲಿ ದುರುಗಪ್ಪ ಎಂದಿನಂತೆ ಮುಖ ಆ ಕಡೆ ಹೊರಳಿಸಿದ.

ಮಿಲ್ಲು ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಗೇಟಿನಲ್ಲಿ ವಾಚ್‌ಮನ್ ಜಂಗ್ಲಿಸಾಬ್ ಸಲಾಂ ಹೊಡೆದು ಸರಪಳಿ ಇಳಿಸಿದ. ಅಂಗಳದಲ್ಲಿ ಭತ್ತದ ಲಾರಿಗಳು. ದುರುಗಪ್ಪ ಅರ್ಜಿಯಿಟ್ಟಿದ್ದ ಕಾಗದದ ಚೀಲವನ್ನು ಜೀಪಿನ ಸೀಟಿನ ಮೇಲೆಯೇ ಬಿಟ್ಟು ಇಳಿದ. ತಮ್ಮನ ಎದುರಿಗೆ ಅದನ್ನು ಕೈಯಲ್ಲಿ ಹಿಡಿದು ನಿಲ್ಲುವುದು ಅವನಿಂದಾಗದ ಕೆಲಸ.

ತೂಕದ ಕೋಣೆಯಿಂದ ಮೈಲಾರಲಿಂಗಪ್ಪ ಹೊರಗೆ ಬಂದ. ಅಣ್ಣನ ಮುಖ ನೋಡಿದ. ಕಿವಿಯಲ್ಲಿ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಕಿಸೆಗೆ ಹಾಕಿಕೊಂಡ, ಊರಿಗೆ ಹೊರಟವನ ಹಾಗೆ.

"ಕಾಕಾ ಹೇಳಿದ್ನೇನು?"

"ಹೂಂ."

"ಛಲೋ ಆತು ಬಿಡಣ್ಣ." "ನನಗ ನಿದ್ದಿ ಬಿದ್ದು ಮೂರು ತಿಂಗಳಾತು."

"ನಿಲ್ಲಿಸಬೇಕಿತ್ತಲ್ಲೋ ಮೈಲಾರಿ. ಯಾಕ ನಿಲ್ಲಿಸಲಿಲ್ಲ?"

"ನಿಲ್ಲಿಸಿದ್ದೆ! ಅವ್ವನ ಆಣಿ ನಿಲ್ಲಿಸಿದ್ದೆ. ಬಾಗಿಲ ತಗದಿದ್ದೆ." ಅವನು ಅಣ್ಣನ ಕೈ ಹಿಡಿದುಕೊಂಡ. "'ನೀ ಇಳೀಬ್ಯಾಡ, ನಾ ನೋಡತೀನಿ' ಅಂತ ನನ್ನ ಕೂಡ ಬಂದು ಹಿಂದಿನ ಸೀಟಿನ್ಯಾಗ ಕುಂತಾಂವ ಇಳದ. ಕೈಬ್ಯಾಟರಿ ಬಿಟ್ಟು ನೋಡಿ ಬಂದ. 'ಕುರಿ ಐತಿ. ಕುರಿಯವರು ಬಂದಾರು, ಗಾಡಿ ಹೊಡಿ' ಅಂದ. ನಸುಕಿನ್ಯಾಗ ಬಂದು, ಕುರಿಯವರು ಕೇಸ್ ಹಾಕತಾರ, ನಿನಗ ಲೈಸೆನ್ಸ್ ಇಲ್ಲ, ಹುಸೇನಪ್ಪ ಓಡಿಸಿದ್ದ ಅನ್ನೂನು, ಅಂವನ್ನ ನಾ ಒಪ್ಪಸತೀನಿ, ಸೀಟು ಹಿಂದಕ್ಕ ಮಾಡಿಸಿಕೊಂಡು ಬಾ, ಚೀಟಿ ಹಿಂದಿನ ತಾರೀಖಿಗೆ ಇರಲಿ ಅಂದ. ನಾ ಕುರಿ ಅಂತನ ತಿಳಕೊಂಡೆ ಅಣ್ಣಾ. ಮಧ್ಯಾಹ್ನ ನೀ ಬಂದು ಮಾಬವ್ವ ಅನ್ನೂ ತನಕಾ ನಾ ಕುರಿ ಅಂತನ..."



ದವಾಖಾನೆಗೆ ತಂದಾಗ ಅವಳಿಗೆ ಇನ್ನೂ ಉಸಿರಿತ್ತೆಂದು ಡಾಕ್ಟರು ಬರೆದಿದ್ದರು. ಬ್ಯಾಟರಿಯ ಬೆಳಕಿನಲ್ಲಿ ಅವಳು ಕಣ್ಣು ಬಿಟ್ಟಿರಬಹುದು. ಆ ಬೆಳಕಿನ ಹಿಂದೆ ಇದ್ದ ಮುಖವನ್ನು ನೋಡಿರಬಹುದು.

"ಯಾರಾಂವ?" ಎಂದ ದುರುಗಪ್ಪ.

ಮೈಲಾರಲಿಂಗಪ್ಪನ ಕಣ್ಣು ಅಣ್ಣನ ಹೆಗಲಾಚೆಗೆ, ಜೀಪಿನ ಕಡೆಗೆ ಹೋಗಿ ಅಲ್ಲಿಯೇ ನಿಂತಿತು.

ಹಿಂದೆ ಜೀಪು ಸ್ಟಾರ್ಟ್ ಆಯಿತು.

ದುರುಗಪ್ಪ ತಿರುಗಿದ. ಪಂಪಣ್ಣ ಒಂದು ಕೈಯಿಂದ ಕಾಗದದ ಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡು, ಇನ್ನೊಂದು ಕೈಯಿಂದ ಸ್ಟೇರಿಂಗ್ ಗೇಟಿನ ಕಡೆ ತಿರುವುತ್ತಿದ್ದ.

ಜಂಗ್ಲಿಸಾಬ್ ಸರಪಳಿ ಕೈಯಲ್ಲಿ ಹಿಡಿದು ಸಾಹೇಬರ ಮುಖ ನೋಡುತ್ತಿದ್ದ. ಒಂದು ಕೂಗು ಹಾಕಿದರೆ ಸಾಕು, ಸರಪಳಿ ಮೇಲೇರುತ್ತದೆ. ಕೂಗದಿದ್ದರೆ ಆ ಅರ್ಜಿ, ಆ ತಾಮ್ರದ ತುಂಡು, ತಮ್ಮನ ಹೆಸರು, ಮೂರೂ ಈ ಗೇಟಿನಿಂದಾಚೆ ಹೋಗಿ ಮತ್ತೆಂದೂ ಸಿಗುವುದಿಲ್ಲ. ನಾಳೆ ಹುಸೇನಪ್ಪ ಗೋಡೆ ನೋಡುತ್ತ "ನಾನೇ ರೀ" ಎನ್ನುತ್ತಾನೆ.

ತಮ್ಮನ ಕೈ ಅವನ ಕೈಯೊಳಗೆ ಬಿಸಿಯಾಗಿತ್ತು.

ದುರುಗಪ್ಪ ಬಾಯಿ ತೆರೆದ. ದನಿ ಬರಲಿಲ್ಲ.